ಹೊಸಕೋಟೆ ಸೋಲಿಸಿತು, ವಿಧಾನಸೌಧ ಮಂತ್ರಿ ಮಾಡಿತು: ಆರಿಸಿ ಕಳಿಸಿದವರ ಮತ ಯಾರದ್ದು?

ಮೊದಲು ಮೂರು ದಿನಾಂಕ ನೋಡಿ.

2019ರ ಡಿಸೆಂಬರ್ 9. ಹೊಸಕೋಟೆ ಉಪಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದ್ದ ಎಂ.ಟಿ.ಬಿ. ನಾಗರಾಜ್ ಅವರನ್ನು ಪಕ್ಷೇತರ ಅಭ್ಯರ್ಥಿ ಶರತ್ ಬಚ್ಚೇಗೌಡ 11,486 ಮತಗಳಿಂದ ಸೋಲಿಸಿದರು.

2020ರ ಜೂನ್. ಅದೇ ನಾಗರಾಜ್ ವಿಧಾನ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು. ಅಂದ್ರೆ ಯಾರೂ ಒಂದು ಓಟೂ ಹಾಕಲಿಲ್ಲ, ಹಾಕೋ ಅಗತ್ಯವೂ ಬೀಳಲಿಲ್ಲ.

2021ರ ಜನವರಿ 13. ಅವರು ಯಡಿಯೂರಪ್ಪ ಸಂಪುಟದಲ್ಲಿ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಈ ಮೂರು ಹೆಜ್ಜೆಗಳಲ್ಲಿ ಕಾನೂನು ಮೀರಿದ್ದು ಒಂದೂ ಇಲ್ಲ. ನನ್ನ ತಕರಾರು ಇರೋದೇ ಅಲ್ಲಿ. ಜನ ಒಬ್ಬರನ್ನು ನಂಬಿ ಕಳಿಸ್ತಾರೆ, ಅವರು ಅಲ್ಲಿ ಹೋಗಿ ಬೇರೆ ಕಡೆ ಕೈ ಎತ್ತುತ್ತಾರೆ. ಆಗ ಆ ಮತ ಯಾರದ್ದು? ಅವರದ್ದಾ, ಪಕ್ಷದ್ದಾ, ನಮ್ಮದಾ? ಅಮೆರಿಕದಲ್ಲಿ ಈ ಪ್ರಶ್ನೆ ಅಧ್ಯಕ್ಷರ ಚುನಾವಣೆ ಸುತ್ತ ಎದ್ದು ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ನಮ್ಮಲ್ಲಿ ಅದು 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಎದ್ದು, ಈಗ ಹೆಚ್ಚುಕಮ್ಮಿ ಪ್ರತಿ ವಿಧಾನಸಭೆಯ ಬಾಗಿಲಲ್ಲೂ ನಿಂತಿದೆ. ನಾನು ಓಟು ಹಾಕೋದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. ನಮ್ಮ ಜಿಲ್ಲೆಯ ಉದಾಹರಣೆಗಳನ್ನೇ ಇಟ್ಟುಕೊಂಡು ಇದನ್ನು ಒಂದೊಂದಾಗಿ ಬಿಡಿಸ್ತೀನಿ.

'ನಂಬಿಕೆ ಮುರಿದ ಎಲೆಕ್ಟರ್' ಅಂದ್ರೆ ಯಾರು?

ಅಮೆರಿಕದ ಮತದಾರರು ನೇರವಾಗಿ ಅಧ್ಯಕ್ಷರನ್ನು ಆರಿಸೋದಿಲ್ಲ. ಪ್ರತಿ ರಾಜ್ಯದವರೂ ಒಂದಷ್ಟು ಎಲೆಕ್ಟರ್‌ಗಳನ್ನು ಆರಿಸ್ತಾರೆ. ಒಟ್ಟು 538 ಜನ. ಅವರಲ್ಲಿ 270 ಜನರ ಮತ ಯಾರಿಗೆ ಸಿಗುತ್ತೋ ಅವರು ಅಧ್ಯಕ್ಷರು. ಈ ಎಲೆಕ್ಟರ್‌ಗಳನ್ನು ಹೆಸರಿಸೋದು ಪಕ್ಷಗಳೇ. ತಮ್ಮ ರಾಜ್ಯದ ಜನ ಯಾರನ್ನು ಗೆಲ್ಲಿಸಿದ್ದಾರೋ ಅವರಿಗೇ ಮತ ಹಾಕ್ತಾರೆ ಅನ್ನೋ ನಂಬಿಕೆ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆ ನಂಬಿಕೆ ಮುರಿದು ಬೇರೆಯವರಿಗೆ ಮತ ಹಾಕಿದವರನ್ನು ಅಲ್ಲಿ 'ಫೇಯ್ತ್‌ಲೆಸ್ ಎಲೆಕ್ಟರ್' ಅಂತಾರೆ.

2016ರಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದಾಗ ಒಂದು ಚಳವಳಿಯೇ ಶುರುವಾಯ್ತು. ದೇಶದಾದ್ಯಂತ ಸಿಕ್ಕ ಜನರ ಮತಗಳ ಲೆಕ್ಕದಲ್ಲಿ ಹಿಲರಿ ಕ್ಲಿಂಟನ್ ಮುಂದಿದ್ದರು, ಎಲೆಕ್ಟರ್‌ಗಳ ಲೆಕ್ಕದಲ್ಲಿ ಟ್ರಂಪ್ ಮುಂದಿದ್ದರು. ಹಾಗಾಗಿ 'ಎಲೆಕ್ಟರ್‌ಗಳೇ, ಆತ್ಮಸಾಕ್ಷಿಯಂತೆ ಮತ ಹಾಕಿ, ಟ್ರಂಪ್ ಅವರನ್ನು ತಡೆಯಿರಿ' ಅನ್ನೋ ಒತ್ತಾಯ ಎದ್ದಿತು. ಕೊನೆಗೆ ಡಿಸೆಂಬರ್ 19ರಂದು ಏಳು ಎಲೆಕ್ಟರ್‌ಗಳು ಮಾತು ಮುರಿದರು. ತಮಾಷೆ ಅಂದ್ರೆ ಅವರಲ್ಲಿ ಐವರು ಕ್ಲಿಂಟನ್ ಕಡೆಯವರು, ಇಬ್ಬರು ಮಾತ್ರ ಟ್ರಂಪ್ ಕಡೆಯವರು. ಫಲಿತಾಂಶ ಕದಲಲಿಲ್ಲ. ಎಲೆಕ್ಟರ್‌ಗಳು ಮಾತು ಮುರಿದು ಅಧ್ಯಕ್ಷರ ಚುನಾವಣೆಯನ್ನೇ ತಿರುಗಿಸಿದ ಉದಾಹರಣೆ ಅಮೆರಿಕದ ಇತಿಹಾಸದಲ್ಲಿ ಇಲ್ಲ.

ಮಾತು ಮುರಿದ ವಾಷಿಂಗ್ಟನ್ ರಾಜ್ಯದ ಎಲೆಕ್ಟರ್‌ಗಳಿಗೆ ತಲಾ 1,000 ಡಾಲರ್ ದಂಡ ಬಿತ್ತು. ಅವರು ಕೋರ್ಟಿಗೆ ಹೋದರು. 2020ರ ಜುಲೈ 6ರಂದು ಅಮೆರಿಕದ ಸುಪ್ರೀಂ ಕೋರ್ಟ್ ಚಿಯಾಫಾಲೊ ಪ್ರಕರಣದಲ್ಲಿ ಒಮ್ಮತದ ತೀರ್ಪು ಕೊಟ್ಟಿತು: ಎಲೆಕ್ಟರ್‌ಗಳು ಜನರ ಆಯ್ಕೆಗೆ ಬದ್ಧರಾಗಿರಬೇಕು ಅಂತ ರಾಜ್ಯಗಳು ಕಾನೂನು ಮಾಡಬಹುದು, ಮುರಿದವರನ್ನು ಶಿಕ್ಷಿಸಬಹುದು. ಅಲ್ಲಿನ ಉತ್ತರ ಹೀಗೆ ಮತದಾರರ ಕಡೆಗೆ ವಾಲಿತು.

ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸೋ 'ಎಲೆಕ್ಟರ್' ಯಾರು?

ನಿಮ್ಮ ಎಂಎಲ್‌ಎ ಮತ್ತು ಎಂಪಿ. ಸಂವಿಧಾನದ 54ನೇ ವಿಧಿಯ ಪ್ರಕಾರ ಚುನಾಯಿತ ಸಂಸದರು ಮತ್ತು ಚುನಾಯಿತ ಶಾಸಕರು ಸೇರಿ ರಾಷ್ಟ್ರಪತಿಯನ್ನು ಆರಿಸ್ತಾರೆ. ವಿಧಾನ ಪರಿಷತ್ ಸದಸ್ಯರಿಗೆ ಇದರಲ್ಲಿ ಮತ ಇಲ್ಲ, ನಾಮನಿರ್ದೇಶಿತರಿಗೂ ಇಲ್ಲ.

ಒಬ್ಬೊಬ್ಬ ಶಾಸಕರ ಮತಕ್ಕೆ ಒಂದು ಮೌಲ್ಯ ಇದೆ. 1971ರ ಜನಗಣತಿಯ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಅದು ಸಿಗುತ್ತೆ. ಕರ್ನಾಟಕದ ಶಾಸಕರಿಗೆ ಅದು 131. ನಮ್ಮ ಜಿಲ್ಲೆಯಲ್ಲಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಅಂತ ನಾಲ್ಕು ಕ್ಷೇತ್ರ. ನಾಲ್ಕೂ ಸೇರಿದರೆ 524. 2022ರ ಚುನಾವಣೆಯಲ್ಲಿ ಒಬ್ಬ ಸಂಸದರ ಮತದ ಮೌಲ್ಯ 700 ಇತ್ತು. ಅಂದ್ರೆ ಇಡೀ ಜಿಲ್ಲೆಯ ಶಾಸಕರು ಸೇರಿದರೂ ಒಬ್ಬ ಎಂಪಿಗೆ ಸಮ ಆಗಲಿಲ್ಲ.

ಈಗ ಮುಖ್ಯ ವಿಷಯ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡೋ ಹಾಗಿಲ್ಲ. ಮತದಾನ ಗುಪ್ತ. ಪಕ್ಷಾಂತರ ನಿಷೇಧ ಕಾಯ್ದೆ ಕೂಡ ಅನ್ವಯಿಸಲ್ಲ, ಯಾಕಂದ್ರೆ ಅದು ಸದನದ ಒಳಗೆ ಹಾಕೋ ಮತಕ್ಕೆ ಮಾತ್ರ. ರಾಷ್ಟ್ರಪತಿ ಚುನಾವಣೆ ಸದನದ ಕಲಾಪ ಅಲ್ಲ. ಹೀಗಾಗಿ ನಿಮ್ಮ ಶಾಸಕರು ಯಾರಿಗೆ ಹಾಕಿದರು ಅಂತ ನಿಮಗೂ ಗೊತ್ತಾಗಲ್ಲ, ಅವರ ಪಕ್ಷಕ್ಕೂ ಖಚಿತವಾಗಿ ಗೊತ್ತಾಗಲ್ಲ. ಅಮೆರಿಕದ ಎಲೆಕ್ಟರ್‌ಗೆ ಇಲ್ಲದ ಸ್ವಾತಂತ್ರ್ಯ ನಮ್ಮ ಶಾಸಕರಿಗೆ ಕಾನೂನಿನಲ್ಲೇ ಇದೆ.

1969: ಫಲಿತಾಂಶ ನಿಜಕ್ಕೂ ತಿರುಗಿದ ಸಲ

ಅಮೆರಿಕದಲ್ಲಿ ಆಗದ್ದು ನಮ್ಮಲ್ಲಿ ಆಗಿದೆ, ಮತ್ತು ಅದರ ಮೊದಲ ಅಂಕ ನಡೆದಿದ್ದು ಬೆಂಗಳೂರಲ್ಲಿ.

1969ರ ಮೇನಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಎಐಸಿಸಿ ಅಧಿವೇಶನ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಸೇರಿತು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಬೆಂಗಳೂರಿನಲ್ಲೇ ಸೇರಿದ ಪಕ್ಷದ ಸಂಸದೀಯ ಮಂಡಳಿ, ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿತು. ಉಪರಾಷ್ಟ್ರಪತಿ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು.

ಆಮೇಲೆ ಆಗಿದ್ದು ಭಾರತದ ರಾಜಕೀಯಕ್ಕೆ ಹೊಸ ಪದವೊಂದನ್ನು ಕೊಟ್ಟಿತು: ಆತ್ಮಸಾಕ್ಷಿ ಮತ. ರೆಡ್ಡಿ ಅವರಿಗೆ ಮತ ಹಾಕಿ ಅಂತ ಸೂಚನೆ ಕೊಡಲು ನಿಜಲಿಂಗಪ್ಪ ಕೇಳಿದರೆ, ಇಂದಿರಾ ಕೊಡಲಿಲ್ಲ. ಕಾಂಗ್ರೆಸ್ ಶಾಸಕರು, ಸಂಸದರು ತಮ್ಮ ಆತ್ಮಸಾಕ್ಷಿಯಂತೆ ನಡೆಯಬೇಕು ಅನ್ನೋದು ಅವರ ನಿಲುವಾಯ್ತು. ಆಗಸ್ಟ್ 16ರಂದು ಮತದಾನ ನಡೆಯಿತು, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬೇಕಾದಷ್ಟು ಸಿಗಲಿಲ್ಲ. ಎರಡನೇ ಪ್ರಾಶಸ್ತ್ಯದ ಮತಗಳನ್ನೂ ಸೇರಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ತನ್ನ ಪಕ್ಷದವರ ಮತಗಳಿಂದಲೇ ಸೋತರು.

ಫಲಿತಾಂಶವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಹುದ್ದೆಯಲ್ಲಿದ್ದ ರಾಷ್ಟ್ರಪತಿ ಗಿರಿ ಸ್ವತಃ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿ ವಜಾ ಆಯ್ತು. ಅಷ್ಟರಲ್ಲಿ, 1969ರ ನವೆಂಬರಿನಲ್ಲೇ ಕಾಂಗ್ರೆಸ್ ಒಡೆದು ಎರಡಾಗಿತ್ತು.

ಆದ್ರೆ ಮುಂದಿನದು ನನಗೆ ಹೆಚ್ಚು ಮುಖ್ಯ. ಇಂದಿರಾ 1971ರಲ್ಲಿ ಜನರ ಮುಂದೆ ಹೋದರು. ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಅವರ ಕಾಂಗ್ರೆಸ್ ಗೆದ್ದಿತು. ಅದೇ ಮಾರ್ಚಿನಲ್ಲಿ ರಾಜ್ಯದ ವೀರೇಂದ್ರ ಪಾಟೀಲ್ ಸರ್ಕಾರ ಬಿತ್ತು, 1972ರಲ್ಲಿ ದೇವರಾಜ ಅರಸು ಬಂದರು. ಆತ್ಮಸಾಕ್ಷಿಯ ಹೆಸರಲ್ಲಿ ನಡೆದದ್ದು ಸರಿಯೋ ತಪ್ಪೋ, ಅದಕ್ಕೆ ಕೊನೆಯ ಮುದ್ರೆ ಒತ್ತಿದ್ದು ಮತದಾರರು. ಈ ಮಾತು ನೆನಪಲ್ಲಿಡಿ, ಹೊಸಕೋಟೆಗೆ ಬಂದಾಗ ಬೇಕಾಗುತ್ತೆ.

ರಾಜ್ಯಸಭೆ: ತೋರಿಸಿ ಹಾಕೋ ಓಟು

ಶಾಸಕರು ಎಲೆಕ್ಟರ್ ಆಗೋ ಇನ್ನೊಂದು ಕಡೆ ರಾಜ್ಯಸಭೆ ಚುನಾವಣೆ. ಇಲ್ಲಿ 2003ರಿಂದ ಗುಪ್ತ ಮತದಾನ ಇಲ್ಲ. ಶಾಸಕರು ತಮ್ಮ ಪಕ್ಷದ ಏಜೆಂಟರಿಗೆ ಮತಪತ್ರ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆದರೂ ಅಡ್ಡ ಮತದಾನ ನಿಂತಿಲ್ಲ, ಯಾಕಂದ್ರೆ ಅಡ್ಡ ಹಾಕಿದ್ದಕ್ಕೇ ಶಾಸಕ ಸ್ಥಾನ ಹೋಗಲ್ಲ.

2022ರ ಜೂನ್ 10ರಂದು ಕೋಲಾರದ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡ ಕಾಂಗ್ರೆಸ್‌ಗೆ ಮತ ಹಾಕಿ, ಹೊರಗೆ ಬಂದು ಹಾಗಂತಲೇ ಹೇಳಿದರು. 2024ರ ಫೆಬ್ರುವರಿ 27ರಂದು ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಹಾಕಿದರು, ಯಲ್ಲಾಪುರದ ಶಿವರಾಮ್ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ. 2025ರ ಮೇನಲ್ಲಿ ಬಿಜೆಪಿ ಇಬ್ಬರನ್ನೂ ಉಚ್ಚಾಟಿಸಿತು. ಉಚ್ಚಾಟನೆಯಿಂದ ಪಕ್ಷದ ನಂಟು ಕಡಿಯುತ್ತೆ, ಶಾಸಕ ಸ್ಥಾನ ಉಳಿಯುತ್ತೆ.

ಈ ಸೋಮಶೇಖರ್, ಹೆಬ್ಬಾರ್ ಇಬ್ಬರೂ 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳಿಸಿದ 17 ಜನರ ಪಟ್ಟಿಯಲ್ಲಿದ್ದವರು. ಆಗ ಒಂದು ಕಡೆಗೆ, ಈಗ ಇನ್ನೊಂದು ಕಡೆಗೆ. ಆಗ ಬೈದವರು ಈಗ ಸುಮ್ಮನಿದ್ದಾರೆ, ಆಗ ಹಾರ ಹಾಕಿದವರು ಈಗ ಬೈತಿದ್ದಾರೆ. ಈ ಚರ್ಚೆ ನಮ್ಮಲ್ಲಿ ಮುಂದಕ್ಕೆ ಹೋಗದೇ ಇರೋದಕ್ಕೆ ಇದೂ ಒಂದು ಕಾರಣ.

ಸದನದ ಒಳಗಿನ ನಿಯಮ, ಮತ್ತು ಅದರಲ್ಲಿರೋ ಕಿಂಡಿ

ಸದನದ ಒಳಗೆ ಮಾತ್ರ ಕತೆ ಪೂರ್ತಿ ಬೇರೆ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿಸಿತು. ಅದನ್ನೇ ನಾವು ಪಕ್ಷಾಂತರ ನಿಷೇಧ ಕಾಯ್ದೆ ಅನ್ನೋದು. ಸಾರ ಇಷ್ಟು:

• ಪಕ್ಷದ ಸದಸ್ಯತ್ವವನ್ನು ತಾನಾಗಿ ಬಿಟ್ಟರೆ ಶಾಸಕ ಸ್ಥಾನ ಹೋಗುತ್ತೆ.
• ವಿಪ್ ಉಲ್ಲಂಘಿಸಿ ಮತ ಹಾಕಿದರೆ ಅಥವಾ ಗೈರಾದರೆ, ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ, ಸ್ಥಾನ ಹೋಗುತ್ತೆ.
• ಪಕ್ಷೇತರರಾಗಿ ಗೆದ್ದವರು ಯಾವುದೇ ಪಕ್ಷ ಸೇರಿದರೂ ಸ್ಥಾನ ಹೋಗುತ್ತೆ.
• ತೀರ್ಮಾನ ಮಾಡೋದು ಸ್ಪೀಕರ್.

ಇದನ್ನೆಲ್ಲ ಓದಿದರೆ ಭಾರಿ ಬಿಗಿ ಅನಿಸುತ್ತೆ. ಆದರೆ ರಾಜೀನಾಮೆ ಕೊಟ್ಟರೆ? ಆಗ ವಿಪ್ ಇಲ್ಲ, ಉಲ್ಲಂಘನೆಯೂ ಇಲ್ಲ. ಸದನದ ಬಲ ಕುಗ್ಗುತ್ತೆ, ಬಹುಮತದ ಗೆರೆ ಕೆಳಗಿಳಿಯುತ್ತೆ, ಸರ್ಕಾರ ಬೀಳಬಹುದು ಅಥವಾ ನಿಲ್ಲಬಹುದು. ರಾಜೀನಾಮೆ ಕೊಟ್ಟವರು ಹೊಸ ಪಕ್ಷದ ಟಿಕೆಟಿನಲ್ಲಿ ಉಪಚುನಾವಣೆಗೆ ನಿಲ್ತಾರೆ. 2008ರಲ್ಲಿ ಇದಕ್ಕೆ ಕರ್ನಾಟಕವೇ ಹೆಸರಿಟ್ಟಿತು: ಆಪರೇಷನ್ ಕಮಲ.

ನಮ್ಮ ಜಿಲ್ಲೆ ಅದರಲ್ಲೂ ಇತ್ತು. ದೊಡ್ಡಬಳ್ಳಾಪುರದಲ್ಲಿ 2008ರ ಮೇ ಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಜೆ. ನರಸಿಂಹಸ್ವಾಮಿ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು, ಅದೇ ವರ್ಷ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಆ ಸಲ ಎಂಟು ಕ್ಷೇತ್ರಗಳಲ್ಲಿ ಬಿಜೆಪಿಗೆ ಐದು, ಜೆಡಿಎಸ್‌ಗೆ ಮೂರು ಸಿಕ್ಕವು. ದೊಡ್ಡಬಳ್ಳಾಪುರದ ಜನ ಒಪ್ಪಿದರು, ಸರಿ. ನನಗೆ ಆ ತೀರ್ಪು ಇಷ್ಟ ಆಗಬೇಕಾಗಿಲ್ಲ, ಆದ್ರೆ ಕೇಳಬೇಕಾದವರನ್ನು ಕೇಳಿಯೇ ಬಂದ ತೀರ್ಪು ಅದು.

ಹೊಸಕೋಟೆ 2019: ಏನಾಯ್ತು?

ಹನ್ನೊಂದು ವರ್ಷದ ನಂತರ ಅದೇ ಪ್ರಶ್ನೆ ಜಿಲ್ಲೆಯ ಇನ್ನೊಂದು ತುದಿಗೆ ಬಂತು. 2018ರಲ್ಲಿ ಎಂ.ಟಿ.ಬಿ. ನಾಗರಾಜ್ ಕಾಂಗ್ರೆಸ್‌ನಿಂದ ನಿಂತು ಬಿಜೆಪಿಯ ಶರತ್ ಬಚ್ಚೇಗೌಡರನ್ನು ಸೋಲಿಸಿದ್ದರು. ಕುಮಾರಸ್ವಾಮಿ ಸಂಪುಟದಲ್ಲಿ ವಸತಿ ಮಂತ್ರಿಯೂ ಆಗಿದ್ದರು. 2019ರ ಜುಲೈ 10ರಂದು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 13ರಂದು ಕಾಂಗ್ರೆಸ್ ನಾಯಕರು ಮನೆಗೆ ಹೋಗಿ ಗಂಟೆಗಟ್ಟಲೆ ಮಾತಾಡಿದ ಮೇಲೆ ಮನಸ್ಸು ಬದಲಿಸೋ ಸೂಚನೆ ಕೊಟ್ಟರು. ಮರುದಿನ ಮುಂಬೈ ವಿಮಾನ ಹತ್ತಿದರು. ಆ ದಿನಗಳಲ್ಲಿ ಜೆಡಿಎಸ್ ತನ್ನ ಶಾಸಕರನ್ನು ಕಾಯ್ದಿಟ್ಟುಕೊಂಡಿದ್ದು ನಮ್ಮ ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲೇ.

ಜುಲೈ 17ರಂದು ಸುಪ್ರೀಂ ಕೋರ್ಟ್, ಬಂಡಾಯ ಶಾಸಕರನ್ನು ಕಲಾಪಕ್ಕೆ ಬರಲೇಬೇಕು ಅಂತ ಒತ್ತಾಯಿಸುವಂತಿಲ್ಲ ಅಂದಿತು. ವಿಪ್ ಕೈಯಲ್ಲಿದ್ದರೂ ಹಲ್ಲಿಲ್ಲದಂತಾಯ್ತು. ಜುಲೈ 23ರಂದು ವಿಶ್ವಾಸಮತದಲ್ಲಿ ಸರ್ಕಾರಕ್ಕೆ 99, ವಿರೋಧಕ್ಕೆ 105. ಸರ್ಕಾರ ಬಿತ್ತು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಜುಲೈ 25ರಂದು ಮೂವರನ್ನು, 28ರಂದು ಉಳಿದ 14 ಜನರನ್ನು ಅನರ್ಹಗೊಳಿಸಿದರು. 15ನೇ ವಿಧಾನಸಭೆಯ ಅವಧಿ ಮುಗಿಯೋವರೆಗೆ, ಅಂದ್ರೆ 2023ರವರೆಗೆ, ಅವರು ಮತ್ತೆ ಸ್ಪರ್ಧಿಸುವಂತಿಲ್ಲ ಅಂತಲೂ ಆದೇಶದಲ್ಲಿತ್ತು.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಅನರ್ಹತೆ ಸರಿ ಅಂದಿತು. ಆದರೆ ಎಷ್ಟು ದಿನ ಅನರ್ಹರು ಅಂತ ನಿಗದಿ ಮಾಡೋ ಅಧಿಕಾರ ಸ್ಪೀಕರ್‌ಗೆ ಇಲ್ಲ, ಹಾಗಾಗಿ ಸ್ಪರ್ಧಿಸಬಹುದು ಅಂದಿತು. ನಾಗರಾಜ್ ಬಿಜೆಪಿ ಅಭ್ಯರ್ಥಿಯಾದರು. ಹಿಂದಿನ ಸಲ ಬಿಜೆಪಿಯಿಂದ ಸೋತಿದ್ದ ಶರತ್, ಪಕ್ಷಕ್ಕೆ ಬಂಡಾಯವೆದ್ದು ಪಕ್ಷೇತರರಾದರು. ಜೆಡಿಎಸ್ ಅವರನ್ನು ಬೆಂಬಲಿಸಿತು.

ಡಿಸೆಂಬರ್ 5ರಂದು ಹೊಸಕೋಟೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾನ ಆಯ್ತು. ಅದೇ ದಿನ ಪಕ್ಕದ ಕೆ.ಆರ್. ಪುರದಲ್ಲಿ ಅದು ಶೇ 50ನ್ನೂ ಮುಟ್ಟಲಿಲ್ಲ. ಬಿಜೆಪಿ ಕಣಕ್ಕಿಳಿಸಿದ 13 ಅನರ್ಹ ಶಾಸಕರಲ್ಲಿ 11 ಜನ ಗೆದ್ದರು. ಸೋತವರು ಇಬ್ಬರೇ: ಹುಣಸೂರಿನಲ್ಲಿ ಎ.ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ನಾಗರಾಜ್.

ಬಚ್ಚೇಗೌಡರ ಕುಟುಂಬ ಮತ್ತು ನಾಗರಾಜ್ ನಡುವಿನ ಹಳೇ ಪೈಪೋಟಿ, ಜಾತಿ ಲೆಕ್ಕ, ದುಡ್ಡು ಎಲ್ಲವೂ ಆ ಚುನಾವಣೆಯಲ್ಲಿತ್ತು ಅಂತ ನೀವು ಹೇಳಬಹುದು. ಇತ್ತು. ಅವು ಇಲ್ಲದ ಚುನಾವಣೆ ನಮ್ಮ ಕಡೆ ಯಾವುದಿದೆ ಹೇಳಿ? ಆದರೂ ಪ್ರಶ್ನೆ ಮತದಾರರ ಮುಂದೆ ನೇರವಾಗಿ ಇತ್ತು. ಹತ್ತರಲ್ಲಿ ಒಂಬತ್ತು ಜನ ಬಂದು ಉತ್ತರ ಹೇಳಿ ಹೋದರು.

ಉತ್ತರ ಹೇಗೆ ಅಳಿಸಿಹೋಯ್ತು: 164(1ಬಿ)

ಇಡೀ ಲೇಖನದಲ್ಲಿ ಒಂದೇ ಸಂಖ್ಯೆ ನೆನಪಿಟ್ಟುಕೊಳ್ಳೋದಾದ್ರೆ ಇದನ್ನು ಇಟ್ಟುಕೊಳ್ಳಿ. 2003ರ 91ನೇ ತಿದ್ದುಪಡಿ ಸಂವಿಧಾನಕ್ಕೆ 164(1ಬಿ) ವಿಧಿ ಸೇರಿಸಿತು. ಪಕ್ಷಾಂತರಕ್ಕಾಗಿ ಅನರ್ಹರಾದವರು ರಾಜ್ಯದಲ್ಲಿ ಮಂತ್ರಿ ಆಗುವಂತಿಲ್ಲ. ಎಲ್ಲಿಯವರೆಗೆ? ಅವರ ಸದಸ್ಯತ್ವದ ಮೂಲ ಅವಧಿ ಮುಗಿಯೋವರೆಗೆ, ಅಥವಾ ಮತ್ತೆ ಚುನಾವಣೆಗೆ ನಿಂತು ಗೆಲ್ಲೋವರೆಗೆ. ಉದ್ದೇಶ ಚೆನ್ನಾಗಿದೆ: ಜನರ ಹತ್ತಿರ ಹೋಗಿ ಒಪ್ಪಿಗೆ ತನ್ನಿ, ಆಮೇಲೆ ಕುರ್ಚಿ.

ಆದರೆ ಚುನಾವಣೆ ಅಂದ್ರೆ ಯಾವುದು? ವಿಧಾನಮಂಡಲದ ಎರಡು ಸದನಗಳಲ್ಲಿ ಯಾವುದಕ್ಕಾದರೂ ಸರಿ ಅಂತ ವಿಧಿಯೇ ಹೇಳುತ್ತೆ. ಶಾಸಕರೇ ಮತ ಹಾಕೋ ಪರಿಷತ್ ಚುನಾವಣೆಯೂ ಅದರಲ್ಲಿ ಬಂತು. 2020ರ ಜೂನ್‌ನಲ್ಲಿ ಏಳು ಸ್ಥಾನಕ್ಕೆ ಏಳೇ ಜನ ಉಳಿದರು. ನಾಗರಾಜ್ ಅವಿರೋಧ ಆಯ್ಕೆಯಾದರು. ಕಾನೂನಿನ ಲೆಕ್ಕದಲ್ಲಿ ಅದು 'ಚುನಾವಣೆಗೆ ನಿಂತು ಗೆದ್ದಿದ್ದು'.

ಹುಣಸೂರಿನಲ್ಲಿ ಸೋತ ವಿಶ್ವನಾಥ್ ಅವರಿಗೆ ಈ ಬಾಗಿಲು ತೆರೆಯಲಿಲ್ಲ. ಅವರು ಪರಿಷತ್ತಿಗೆ ಆಯ್ಕೆಯಾಗಲಿಲ್ಲ, ನಾಮನಿರ್ದೇಶನಗೊಂಡರು. 2020ರ ನವೆಂಬರ್ 30ರಂದು ಕರ್ನಾಟಕ ಹೈಕೋರ್ಟ್, ನಾಮನಿರ್ದೇಶನದಿಂದ ಅನರ್ಹತೆ ಅಳಿಯಲ್ಲ, ಅವರು ಮಂತ್ರಿ ಆಗುವಂತಿಲ್ಲ ಅಂದಿತು. 2021ರ ಜನವರಿ 28ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನಾಗರಾಜ್ ಮಂತ್ರಿಯಾಗಿ ಎರಡು ವಾರ ಆಗಿತ್ತು.

ಇಬ್ಬರೂ ಒಂದೇ ಕಾರಣಕ್ಕೆ ಅನರ್ಹರಾದವರು, ಒಂದೇ ದಿನ ಜನರಿಂದ ಸೋತವರು. ಒಬ್ಬರು ಮಂತ್ರಿಯಾಗಬಹುದು, ಇನ್ನೊಬ್ಬರು ಆಗಬಾರದು. ಈ ವ್ಯತ್ಯಾಸಕ್ಕೂ ಹೊಸಕೋಟೆ, ಹುಣಸೂರಿನ ಮತದಾರರಿಗೂ ಸಂಬಂಧವೇ ಇರಲಿಲ್ಲ. ಬೇಸರ ಆಗೋದು ಅಲ್ಲಿ.

'ಆತ್ಮಸಾಕ್ಷಿಗೆ ಜಾಗವೇ ಬೇಡವಾ?'

ಬೇಕು. ಈ ವಾದವನ್ನು ಹಗುರವಾಗಿ ತಳ್ಳಿಹಾಕೋದು ಸರಿಯಲ್ಲ. ಶಾಸಕರು ಪೋಸ್ಟ್‌ಮ್ಯಾನ್ ಅಲ್ಲ. ಪಕ್ಷ ಹೇಳಿದ್ದಕ್ಕೆಲ್ಲ ಕೈ ಎತ್ತೋದಾದ್ರೆ 224 ಜನ ಯಾಕೆ, ಪಕ್ಷಕ್ಕೊಬ್ಬರು ಸಾಕಲ್ವಾ? ಒಂದು ಕೆಟ್ಟ ಮಸೂದೆ ಬಂದಾಗ, ರೈತರ ಭೂಮಿ ಹೋಗೋ ತೀರ್ಮಾನ ಬಂದಾಗ, ಸ್ವಂತ ಪಕ್ಷದ ವಿರುದ್ಧ ಮತ ಹಾಕೋ ಶಾಸಕರು ನಮಗೆ ಬೇಕು. ವಿಪ್ ಅದನ್ನೂ ಕೊಲ್ಲುತ್ತೆ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ, ವಿಪ್ ಮೀರಿದ್ದಕ್ಕೆ ಅನರ್ಹತೆ ಅನ್ನೋದು ವಿಶ್ವಾಸಮತದಂಥ ಸರ್ಕಾರದ ಅಳಿವು ಉಳಿವಿನ ಮತದಾನಕ್ಕೆ ಸೀಮಿತವಾಗಬೇಕು ಅಂತ ಸಲಹೆ ಕೊಟ್ಟಿತ್ತು. ಮೂರು ದಶಕ ಕಳೆದರೂ ಅದು ಕಾನೂನಾಗಿಲ್ಲ.

ಇನ್ನೊಂದು ಎಳೆಯೂ ಇದೆ. ಜನಪ್ರತಿನಿಧಿ ತನ್ನ ವಿವೇಕಕ್ಕೆ ಬದ್ಧ ಅನ್ನೋ ವಾದಕ್ಕೆ ಎಲ್ಲರೂ ತರೋ ಹೆಸರು ಬ್ರಿಟನ್ನಿನ ಎಡ್ಮಂಡ್ ಬರ್ಕ್. 1774ರಲ್ಲಿ ಬ್ರಿಸ್ಟಲ್‌ನಿಂದ ಗೆದ್ದಾಗ ಅವರು ತನ್ನ ಮತದಾರರ ಮುಂದೆಯೇ ಇದನ್ನು ಹೇಳಿದರು. 1780ರಲ್ಲಿ ಬ್ರಿಸ್ಟಲ್ ಜನ ಬೆಂಬಲಿಸಲ್ಲ ಅಂತ ಗೊತ್ತಾಗಿ ಕಣದಿಂದ ಹಿಂದೆ ಸರಿದರು. ಆಮೇಲೆ ಸಂಸತ್ತಿಗೆ ಬಂದಿದ್ದು ಮಾಲ್ಟನ್ ಅನ್ನೋ ಕ್ಷೇತ್ರದಿಂದ. ಅದು ಅವರ ರಾಜಕೀಯ ಪೋಷಕರ ಹಿಡಿತದಲ್ಲಿದ್ದ ಸೀಟು. ಇನ್ನೂರೈವತ್ತು ವರ್ಷಗಳ ಹಿಂದೆಯೂ ಹಿಂಬಾಗಿಲು ಇತ್ತು ನೋಡಿ.

ಹಾಗಾದ್ರೆ ಆತ್ಮಸಾಕ್ಷಿಯನ್ನೂ ಅವಕಾಶವಾದವನ್ನೂ ಬೇರೆ ಮಾಡೋದು ಹೇಗೆ? ಮನಸ್ಸಿನೊಳಗೆ ಇಣುಕೋಕೆ ಕೋರ್ಟಿಗೂ ಆಗಲ್ಲ, ನನಗೂ ಆಗಲ್ಲ. ಆದ್ದರಿಂದ ನಾನು ಉದ್ದೇಶ ಕೇಳಲ್ಲ, ಎರಡು ಪ್ರಶ್ನೆ ಕೇಳ್ತೀನಿ. ಒಂದು: ಆ ನಡೆಯಿಂದ ಅವರಿಗೆ ಕುರ್ಚಿ ಸಿಕ್ತಾ? ಎರಡು: ಸಿಗೋ ಮೊದಲು, ಕಳಿಸಿದವರನ್ನೇ ಮತ್ತೆ ಕೇಳಿದರಾ?

ಈ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಶರತ್ ಬಚ್ಚೇಗೌಡ ಪಕ್ಷೇತರರಾಗಿ ಗೆದ್ದು 2021ರಲ್ಲಿ ಕಾಂಗ್ರೆಸ್ ಜೊತೆ ಗುರುತಿಸಿಕೊಂಡರು. ಪಕ್ಷೇತರರು ಪಕ್ಷ ಸೇರಿದರೆ ಸ್ಥಾನ ಹೋಗುತ್ತೆ, ಹಾಗಾಗಿ 'ಬೆಂಬಲ' ಅಂದರು, ಸೇರ್ಪಡೆ ಅನ್ನಲಿಲ್ಲ. ಇದೂ ಕಾನೂನಿನ ಅಕ್ಷರಕ್ಕೆ ಮಾತ್ರ ತಲೆಬಾಗಿದ ನಡೆ. ಪಕ್ಷಗಳು ಬೇಡ ಅಂತ ಅವರಿಗೆ ಓಟು ಹಾಕಿದವರಿಗೆ ಕೋಪ ಬಂದಿದ್ದರೆ ಅದು ನ್ಯಾಯವೇ. ಅವರು ಆಗ ಮಂತ್ರಿಯಾಗಲಿಲ್ಲ, ಮತ್ತು 2023ರಲ್ಲಿ ಕಾಂಗ್ರೆಸ್ ಚಿಹ್ನೆಯಲ್ಲೇ ಹೊಸಕೋಟೆಯವರ ಮುಂದೆ ನಿಂತು, ಮತ್ತೆ ನಾಗರಾಜ್ ಅವರನ್ನೇ ಸುಮಾರು 5 ಸಾವಿರ ಮತಗಳಿಂದ ಸೋಲಿಸಿದರು. ಅಂತರ ಅರ್ಧಕ್ಕಿಂತ ಕಡಿಮೆಯಾಯ್ತು ಅನ್ನೋದನ್ನೂ ಗಮನಿಸಿ. ಮತದಾರರು ಲೆಕ್ಕ ಇಟ್ಟಿರ್ತಾರೆ.

ಏನು ಬದಲಾಗಬೇಕು?

ಮೊದಲನೆಯದು 164(1ಬಿ)ಗೆ ಒಂದು ಸಾಲಿನ ತಿದ್ದುಪಡಿ. ಅನರ್ಹರಾದವರು ಜನರ ನೇರ ಮತದಿಂದ ಮತ್ತೆ ಗೆದ್ದು ಬಂದರೆ ಮಾತ್ರ ಮಂತ್ರಿ ಆಗಬಹುದು. ಕೇಂದ್ರಕ್ಕೆ ಇದೇ ನಿಯಮ ಹೇಳೋ 75(1ಬಿ)ಗೂ, ನಿಗಮ-ಮಂಡಳಿಗಳಂಥ ಸಂಬಳದ ಹುದ್ದೆಗಳ ಬಗ್ಗೆ ಹೇಳೋ 361ಬಿಗೂ ಇದೇ ತಿದ್ದುಪಡಿ ಬೇಕು. ಇದು ನನ್ನ ಹೊಸ ಕಲ್ಪನೆ ಏನಲ್ಲ. ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ, ಪಕ್ಷಾಂತರ ಮಾಡಿದವರು ರಾಜೀನಾಮೆ ಕೊಟ್ಟು ಹೊಸದಾಗಿ ಚುನಾವಣೆ ಎದುರಿಸಬೇಕು ಮತ್ತು ಉಳಿದ ಅವಧಿಗೆ ಅಧಿಕಾರದ ಹುದ್ದೆ ಹಿಡಿಯಬಾರದು ಅಂತ ಹೇಳಿತ್ತು. ಮರುವರ್ಷ ಬಂದ 91ನೇ ತಿದ್ದುಪಡಿ ಆ ದಾರಿಯಲ್ಲಿ ಅರ್ಧ ನಡೆದು ನಿಂತಿತು.

ಎರಡನೆಯದು, ತೀರ್ಮಾನ ಸ್ಪೀಕರ್ ಕೈಯಿಂದ ಹೊರಗೆ ಬರಬೇಕು. 2010ರಲ್ಲಿ ಸ್ಪೀಕರ್ ಕೆ.ಜಿ. ಬೋಪಯ್ಯ ವಿಶ್ವಾಸಮತಕ್ಕೆ ಮೊದಲು 16 ಶಾಸಕರನ್ನು ಅನರ್ಹಗೊಳಿಸಿದರು, 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾವ ಪಕ್ಷದ ಸ್ಪೀಕರ್ ಆದರೂ ಅನುಮಾನ ತಪ್ಪಿದ್ದಲ್ಲ. 2020ರ ಜನವರಿಯಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಸ್ವತಂತ್ರ ನ್ಯಾಯಮಂಡಳಿ ಬಗ್ಗೆ ಸಂಸತ್ತು ಯೋಚಿಸಬೇಕು ಅಂತ ಹೇಳಿದೆ.

ಮೂರನೆಯದು, ವಿಪ್ ಸಡಿಲವಾಗಬೇಕು. ವಿಶ್ವಾಸಮತ, ಬಜೆಟ್ ಬಿಟ್ಟು ಉಳಿದ ಕಡೆ ಶಾಸಕರು ಮನಸ್ಸಿನಂತೆ ಮತ ಹಾಕಲಿ. ಆಗ ಮಾತ್ರ ಭಿನ್ನಮತಕ್ಕೂ ಪಕ್ಷಾಂತರಕ್ಕೂ ಇರೋ ವ್ಯತ್ಯಾಸ ಜನರ ಕಣ್ಣಿಗೆ ಕಾಣುತ್ತೆ.

ರಾಷ್ಟ್ರಪತಿ ಚುನಾವಣೆಯ ಗುಪ್ತ ಮತದಾನವನ್ನು ಮಾತ್ರ ನಾನು ಮುಟ್ಟಲ್ಲ. ಅಲ್ಲಿ ಪಕ್ಷದ ಕಣ್ಣು ತಪ್ಪಿಸಿ ಮತ ಹಾಕೋ ಅವಕಾಶ ಇರಲಿ. ಅಡ್ಡ ಹಾಕಿದ್ದನ್ನು ತೋರಿಸಿ ಅದಕ್ಕೆ ಬೆಲೆ ಪಡೆಯೋದು ಗುಪ್ತ ಮತದಲ್ಲಿ ಕಷ್ಟ. ಯಾರೂ ನೋಡದ ಕಡೆ ಆತ್ಮಸಾಕ್ಷಿಗೆ ಒಂದಿಷ್ಟು ಬೆಲೆ ಉಳಿದಿರುತ್ತೆ ಅನ್ನೋದು ನನ್ನ ನಂಬಿಕೆ.

ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈಗೆ ಮುಗಿಯುತ್ತೆ. ಮರುವರ್ಷ, 2028ರಲ್ಲಿ, ನಮ್ಮ ವಿಧಾನಸಭೆ ಚುನಾವಣೆ ಬರಬೇಕು. ಆಗ ನಿಮ್ಮೂರಿಗೆ ಓಟು ಕೇಳೋಕೆ ಬರೋ ಅಭ್ಯರ್ಥಿಗೆ, ಯಾವ ಪಕ್ಷದವರೇ ಆಗಲಿ, ಒಂದು ಪ್ರಶ್ನೆ ಕೇಳಿ: 'ಅಣ್ಣ, ನಡುವೆ ಪಕ್ಷ ಬಿಟ್ಟರೆ, ನಮ್ಮನ್ನು ಕೇಳದೆ ಮಂತ್ರಿ ಆಗಲ್ಲ ಅಂತ ಬರೆದು ಕೊಡ್ತೀರಾ?' ಆ ಚೀಟಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಆದ್ರೆ ಮುಂದಿನ ಸಲ ಅವರು ಬಂದಾಗ ತೋರಿಸೋಕೆ ನಿಮ್ಮ ಹತ್ತಿರ ಇರುತ್ತೆ.